ಭಾವನವರ ನೀರು-ದೀಪ ಆಯೋಗ

೧೯೭೬ರ ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ: ಡೊಂಬಿವಲಿ ಪೂರ್ವದಲ್ಲಿದ್ದ ನಮ್ಮ ಮೂರು ಮಹಡಿ ಕಟ್ಟಡದ ತಾರಸಿ. ಹಾಜರಿದ್ದವರು: ಹನ್ನೆರಡು ಮನೆಗಳವರು, ಒಂದು ಖಾಲಿ ನೀರಿನ ಟಾಕಿ ಮತ್ತು ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ. ಅವರ ಹೆಸರು ಬರೆಯುವುದಿಲ್ಲ. ಬರೆದರೆ, ಪೂರ್ವಾನುಮತಿ ಯಾಕೆ ಪಡೆಯಲಿಲ್ಲ ಎಂದು ಈಗ ಎಲ್ಲಿದ್ದಾರೋ ಅಲ್ಲಿಂದಲೇ ನೋಟೀಸು ಕಳಿಸಿಯಾರು!

ಮೂರು ತಿಂಗಳಿಗೆಂದು ನೇಮಕವಾಗಿ ವರ್ಷಗಟ್ಟಲೆ ನಡೆಯುವ ಆಯೋಗಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಆದರೆ ಒಬ್ಬರೇ ಇಡೀ ಆಯೋಗವಾಗಿ, ಬನಿಯನ್ನು-ಧೋತರದಲ್ಲಿ ಮೆಟ್ಟಿಲ ಮೇಲೆ ಕೂತು ಎಂಟು ವರ್ಷ ವಿಚಾರಣೆ ನಡೆಸಿದ್ದನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಊಟಕ್ಕೆ ತಾಟು ಹಾಕಿದವಳೂ ನಾನೇ.

ಜಗಳದ ಕಾರಣ ಸರಳ. ನಸುಕಿನಲ್ಲಿ ನಗರಸಭೆಯ ನೀರು ನೆಲದೊಳಗಿನ ಟಾಕಿಗೆ ಬರುತ್ತಿತ್ತು. ಅದನ್ನು ಪಂಪು ತಾರಸಿಯ ಟಾಕಿಗೆ ಏರಿಸಬೇಕು. ಏರಿಸುವ ಮೊದಲೇ ಕೆಳಗಿನ ಮನೆಯವರು ಕೊಡ, ಬಕೇಟು, ಕೊನೆಗೆ ಒಗ್ಗರಣೆ ಸೌಟನ್ನೂ ಬಿಡದೆ ತುಂಬಿಕೊಂಡುಬಿಡುತ್ತಿದ್ದರು. ಮೂರನೇ ಮಹಡಿಯ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿತ್ತು, ಅದೂ ಒಳ್ಳೆಯ ಒತ್ತಡದಲ್ಲಿ! ಮೆಟ್ಟಿಲಿನ ದೀಪದ ಕಥೆಯೂ ಅದೇ: ಹಚ್ಚುವವರು ಎಲ್ಲರೂ, ಆರಿಸುವವರು ಯಾರೂ ಇಲ್ಲ. ಭಾವನವರು ಆಗಷ್ಟೇ ನಿವೃತ್ತರಾಗಿದ್ದರು. ಹೊಸ ಪಂಪು ಬರುವ ತನಕ, ಮೂರು ತಿಂಗಳು, ಅವರೇ ನೋಡಿಕೊಳ್ಳಲಿ ಎಂದು ಸಭೆ ತೀರ್ಮಾನಿಸಿತು.

"ಹಂಗಾದ್ರ ಕಾಕಾ, ನೀವು ಒಂದು ಸಮಿತಿ ಮಾಡ್ಕೋರಿ" ಎಂದರು ಯಾರೋ.

"ಸಮಿತಿ ಬ್ಯಾಡ. ಸಮಿತಿ ಚಹಾ ಕುಡೀತದ, ಆಯೋಗ ಕೆಲಸ ಮಾಡ್ತದ" ಎಂದರು ಭಾವನವರು.

ಮರುದಿನವೇ ಆಜ್ಞೆಗಳು ಹೊರಟವು. ಯಾವ ಮನೆಗೆ ಯಾವಾಗ ನೀರು, ದೀಪ ಯಾರ ಜವಾಬ್ದಾರಿ, ತಪ್ಪಿದರೆ ಏನು ಶಿಕ್ಷೆ. ಶಿಕ್ಷೆ ಒಂದೇ: ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲು ಗುಡಿಸುವುದು. ಮೊದಲ ಅಪರಾಧಿ ಯಾರೆಂದುಕೊಂಡಿರಿ? ನನ್ನ ಯಜಮಾನರು! ದೀಪ ಆರಿಸದೆ ಮಲಗಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಮನುಷ್ಯ ಟೈ ಕಟ್ಟಿಕೊಂಡೇ ಕಸಬರಿಗೆ ಹಿಡಿದರು. "ಅಣ್ಣಾ, ಲೋಕಲ್ ಗಾಡಿ ತಪ್ಪತದೋ!" ಎಂದು ಗೋಗರೆದರೆ, "ಲೋಕಲ್ ಆಯೋಗದ ವ್ಯಾಪ್ತಿಗೆ ಬರೂದಿಲ್ಲ" ಎಂದು ಉತ್ತರ. ನಾನು ಶಾಲೆಯ ಟೀಚರು, ಗಂಟೆಗೆ ಸರಿಯಾಗಿ ಬದುಕಿದವಳು. ಹೊರಗೆ ಮುಖ ಗಂಟಿಕ್ಕಿದ್ದೆ, ಒಳಗೆ ಬಹಳ ಸಂತೋಷವಾಗಿತ್ತು.

ಲೋಕಲ್ ಒಂದನ್ನು ಬಿಟ್ಟರೆ ವ್ಯಾಪ್ತಿಗೆ ಬಾರದ್ದು ಏನೂ ಉಳಿಯಲಿಲ್ಲ. ರೇಡಿಯೋ ಕರೆಂಟಿನಿಂದ ನಡೆಯುತ್ತದೆ, ಆದ್ದರಿಂದ ರೇಡಿಯೋದ ಗದ್ದಲ ಆಯೋಗಕ್ಕೆ ಸೇರಿದ್ದು. ನೆಂಟರು ನೀರು ಬಳಸುತ್ತಾರೆ, ಆದ್ದರಿಂದ ನೆಂಟರೂ ಆಯೋಗಕ್ಕೆ ಸೇರಿದವರು!

ಮೂರನೇ ಮಹಡಿಯ ಜೋಶಿಬಾಯಿ ಒಮ್ಮೆ ಅಳುಮುಖದಿಂದ ಬಂದರು. "ಕಾಕಾ, ಪಾಹುಣೇ ಆಲೇತ. ದೋನ್ ಬಾದಲ್ಯಾ ಜಾಸ್ತ ದ್ಯಾ ನಾ!" ನೆಂಟರು ಬಂದಿದ್ದಾರೆ, ಎರಡು ಬಕೇಟು ಹೆಚ್ಚು ಬೇಕು.

"ಯಾವಾಗ ಹೋಗ್ತಾರ?"

"ಅಯ್ಯೋ, ಅಸಂ ಕಸಂ ವಿಚಾರಾಯಚಂ?" ಹಾಗೆ ಕೇಳುವುದು ಹೇಗೆ?

"ನೀವು ಕೇಳೂದಿಲ್ಲಾಂದ್ರ ಆಯೋಗ ಕೇಳ್ತದ."

ಅಂದವರು ಸುಮ್ಮನಿದ್ದರೇ? ಮೇಲೆ ಹೋಗಿ, ಕೈಮುಗಿದು, ಕೇಳಿಯೇಬಿಟ್ಟರು. ನೆಂಟರು ಸಂಜೆಯ ಗಾಡಿಗೇ ಹೊರಟರು. ಕಟ್ಟಡವೆಲ್ಲ ಛೀ ಅಂದಿತು. ಜೋಶಿಬಾಯಿ ಮಾತ್ರ ಮಾರನೆಯ ದಿನ ಒಂದು ಬಟ್ಟಲು ಶಿರಾ ತಂದುಕೊಟ್ಟು, ದಿವಾಳಿಗೆ ನಾದಿನಿ ಬರುತ್ತಾಳೆ, ಆಗಲೂ ಸ್ವಲ್ಪ ಬಂದು ಹೋಗಿ ಎಂದು ಪಿಸುಗುಟ್ಟಿದರು!

ಕೆಳಗಿನ ಮನೆಯ ಭಟ್ಟರು ಉಡುಪಿ ಕಡೆಯವರು. ಕಲ್ಯಾಣ ಸ್ಟೇಷನ್ನಿನ ಹತ್ತಿರ ಅವರ ಹೋಟೆಲು. ಗಂಡುಮಗು ಹುಟ್ಟಿತೆಂದು ಪೇಡೆ ಹಿಡಿದು ಬಂದರು. ಭಾವನವರು ಪೇಡೆ ಬಾಯಿಗೆ ಹಾಕಿಕೊಂಡು, "ಸಂತೋಷ. ಆದರ ಹೆಚ್ಚಿನ ನೀರಿಗೆ ಮೊದಲs ಕೇಳಬೇಕಾಗಿತ್ತು. ಒಂಬತ್ತು ತಿಂಗಳು ಟೈಮ್ ಇತ್ತಲ್ಲ?" ಎಂದರು.

"ಎಂತ ಮಾರಾಯ್ರೆ ನೀವು! ಮಗು ಹುಟ್ಟಿಸ್ಲಿಕ್ಕೂ ನಿಮ್ಮ ಪರ್ಮಿಷನ್ ಬೇಕಾ?"

ಬೇಕಾಗಿರಲಿಲ್ಲವೆನ್ನಿ. ಹೆಚ್ಚಿನ ನೀರು ಅವತ್ತೇ ಮಂಜೂರಾಯಿತು.

ಇನ್ನು ಅವಧಿ ವಿಸ್ತರಣೆ. ಮೂರು ತಿಂಗಳಿಗೊಮ್ಮೆ ತಾರಸಿಯಲ್ಲಿ ಸಭೆ. ಭಾವನವರು ಕರಿ ಟೊಪ್ಪಿಗೆ ಹಾಕಿಕೊಂಡು ಬಂದು, ಪಂಪು ಕೋಣೆಯ ಕೀಲಿಕೈಯನ್ನು ಸ್ಟೂಲಿನ ಮೇಲಿಟ್ಟು, "ಆಯೋಗದ ಅವಧಿ ಇಂದಿಗೆ ಮುಗೀತು. ಸೂಚಕರಿದ್ದಾರೇನ್ರಿ?" ಎನ್ನುವರು. ಸರದಿಯಲ್ಲಿದ್ದ ಮನೆಯವರು ಎದ್ದು ವಿಸ್ತರಣೆ ಸೂಚಿಸಬೇಕು. ಬೇರೆ ಯಾರೂ ಬಾಯಿ ಬಿಡಕೂಡದು. ಸರದಿ ತಪ್ಪಿ ಮಾತಾಡಿದವರಿಗೆ ಮೆಟ್ಟಿಲು ಕಾದಿತ್ತು. ಸೂಚನೆ ಬಂದೊಡನೆ, "ಬ್ಯಾಡ್ರೆಪಾ, ವಯಸ್ಸಾತು" ಎನ್ನುವರು. ಅಷ್ಟರಲ್ಲಿ ಕೀಲಿಕೈ ಅವರ ಮುಷ್ಟಿಯಲ್ಲಿರುತ್ತಿತ್ತು! ಹೊಸ ಪಂಪು ಬಂದು ಹಳತಾಯಿತು. ಆಯೋಗ ಮಾತ್ರ ನಡೆದೇ ಇತ್ತು.

ಇಷ್ಟೆಲ್ಲ ಕಾಟ ಕೊಟ್ಟರೂ ಯಾಕೆ ಸೂಚಿಸುತ್ತಿದ್ದೆವು? ಅದಕ್ಕೊಂದು ಕಾರಣವಿತ್ತು. ಅವರ ಒಬ್ಬಳೇ ಮಗಳು ಇದ್ದದ್ದು ಅದೇ ಲೋಕಲ್ ದಾರಿಯ ಕಳವಾ ಎಂಬ ಊರಿನಲ್ಲಿ. ನಮ್ಮ ಅಕ್ಕ, ಭಾವನವರ ಹೆಂಡತಿ, ತೀರಿಕೊಂಡ ಮೇಲೆ ಮಗಳು ಬಂದಾಗಲೆಲ್ಲ ಅದೇ ಮಾತು: "ಅಪ್ಪಾ, ಆತಾ ಪುರೇ, ಸಾಕಿನ್ನ. ಇಲ್ಲೇನದ? ನಮ್ಮನಿಗೆ ಬಂದ್ಬಿಡು."

"ಅವಧಿ ಮುಗೀಲೆವಾ. ಮುಗಿದ ವಾರ ನಾನs ಟ್ರಂಕು ಕಟ್ಟತೀನಿ. ಮಾತಂದ್ರ ಮಾತು."

ಮಗಳ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಕೆಲಸಕ್ಕಿತ್ತು. ಅಲ್ಲಿ ಕುರ್ಚಿಯ ಮೇಲೆ ಕೂತಿರಬೇಕು, ಅಷ್ಟೆ. ಇದು ಜೋಶಿಬಾಯಿಗೂ ಗೊತ್ತು, ಭಟ್ಟರಿಗೂ ಗೊತ್ತು. ಬೈದುಕೊಳ್ಳುತ್ತಲೇ ಎದ್ದು ನಿಂತು, ಅವರನ್ನು ಇನ್ನೊಂದು ಮೂರು ತಿಂಗಳು ಡೊಂಬಿವಲಿಯಲ್ಲಿ ಉಳಿಸಿಕೊಳ್ಳುತ್ತಿದ್ದೆವು.

೧೯೮೪ರ ಚಳಿಗಾಲದ ಒಂದು ಭಾನುವಾರ ಭಟ್ಟರ ಸರದಿ. ಬೆಳಿಗ್ಗೆ ಹೋಟೆಲಿಗೆ ಹೋದವರು ಸಭೆಗೆ ಹಿಂದಿರುಗುವಾಗ ಠಾಕುರ್ಲಿ ಹತ್ತಿರ ಲೋಕಲ್ ನಿಂತುಬಿಟ್ಟಿದೆ. ನಮಗೆ ಹೇಗೆ ಗೊತ್ತಾಗಬೇಕು? ಭಾವನವರು ಕೀಲಿಕೈ ಇಟ್ಟು, "ಸೂಚಕರಿದ್ದಾರೇನ್ರಿ?" ಎಂದರು. ಎಲ್ಲರೂ ಮೆಟ್ಟಿಲ ಬಾಗಿಲು ನೋಡಿದೆವು. ಜೋಶಿಬಾಯಿ ನನ್ನನ್ನು ನೋಡಿದರು, ನಾನು ಯಜಮಾನರನ್ನು ನೋಡಿದೆ, ಯಜಮಾನರು ಆಕಾಶ ನೋಡಿದರು. ಸರದಿ ನಮ್ಮದಲ್ಲ!

ಭಾವನವರು ಕಾದರು. ನಿಯಮದಲ್ಲಿ ಕಾಯುವುದು ಇರಲೇ ಇಲ್ಲ. ಆದರೂ ಟೊಪ್ಪಿಗೆ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಯಾರಾದರೂ ಇದ್ದಾರೇನ್ರಿ?" ಎಂದು ಇನ್ನೊಮ್ಮೆ ಕೇಳಿದರು. ಆ ದನಿಯಲ್ಲಿ ಆಯೋಗ ಇರಲಿಲ್ಲ, ಬರೀ ಒಬ್ಬ ಮನುಷ್ಯನಿದ್ದ. ನಮಗೆ ಅದೂ ಹೊಳೆಯಲಿಲ್ಲ. ತರಕಾರಿಯವನ ಹತ್ತಿರ ಒಂದು ಜುಡಿ ಕೊತ್ತಂಬರಿಗೆ ಅರ್ಧ ಗಂಟೆ ವಾದಿಸುವ ಜನ ನಾವು, ಅವತ್ತು ಅವರೇ ಕಲಿಸಿದ ಶಿಸ್ತಿನಲ್ಲಿ ತುಟಿ ಬಿಗಿದು ಕೂತೆವು. ಇಡೀ ಕಟ್ಟಡದಲ್ಲಿ ಒಬ್ಬ ಅಶಿಸ್ತಿನ ಮನುಷ್ಯನಾದರೂ ಇರಬಾರದಿತ್ತೇ?

"ಆಯೋಗ ವಿಸರ್ಜನೆ ಆತು" ಎಂದು ಕೆಳಗಿಳಿದು ಹೋದರು. ಕೀಲಿಕೈ ಸ್ಟೂಲಿನ ಮೇಲೆಯೇ ಉಳಿಯಿತು.

ಭಟ್ಟರು ಹಳಿಯ ಮೇಲೆ ನಡೆದುಕೊಂಡು ಬಂದರಂತೆ. "ಸೂಚಿಸ್ತೇನೆ! ನಾನು ಸೂಚಿಸ್ತೇನೆ ಮಾರಾಯ್ರೆ!" ಎಂದು ಕೂಗುತ್ತಲೇ ಅವರ ಬಾಗಿಲು ಬಡಿದರು.

"ಮುಗಿದ ಅವಧೀನ ಎಳೀಲಿಕ್ಕೆ ಬರೂದಿಲ್ಲ ಭಟ್ರ."

"ಹಾಗಾದ್ರೆ ಹೊಸತಾಗಿ ನೇಮಿಸುವಾ. ಆಗ್ದಾ?"

"ಆಯೋಗದವರು ಈ ಕಟ್ಟಡದಾಗ ಇರೋರು ಆಗಿರಬೇಕು, ನಿಯಮ ಅದ. ಮುಂದಿನ ಭಾನುವಾರದಿಂದ ನಾನು ಕಳವಾ ಊರಿನವ. ಮಗಳಿಗೆ ಮಾತು ಕೊಟ್ಟೀನಿ."

ಹನ್ನೆರಡು ಮನೆಯವರೂ ಬಂದು ಬೇಡಿದರು. ಕೊಟ್ಟ ಮಾತಿಗೂ ತಾವೇ ಮಾಡಿದ ನಿಯಮಕ್ಕೂ ನಡುವೆ ಸಿಕ್ಕಿಕೊಂಡು ಅವರು ಆಗದೆಂದು ತಲೆಯಾಡಿಸಿದರು. ಅವರ ಅಧಿಕಾರವನ್ನು ಎಂಟು ವರ್ಷ ನಾವು ನಗುತ್ತ ವಿಸ್ತರಿಸಿದೆವು. ಬೇಕಾಗಿದ್ದ ಒಂದು ಸಲ ಬಾಯಿ ಬರಲಿಲ್ಲ.

ಆ ಭಾನುವಾರ ಬಂತು. ಕೀಲಿಕೈಯನ್ನು, ಅದರೊಡನೆ ಆಯೋಗವನ್ನೂ, ಸಭೆ ನನಗೆ ಒಪ್ಪಿಸಿತ್ತು. ಮಗಳು ಮೇಲೆ ಟ್ರಂಕು ಕಟ್ಟುತ್ತಿದ್ದಳು, ನಾನು ನೀರು ಏರಿಸಲು ಪಂಪು ಕೋಣೆಗಿಳಿದೆ. ಪಂಪು ಗುರುಗುಟ್ಟಿತೇ ಹೊರತು ನೀರೆತ್ತಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಭಾವನವರು, ಕೋಟು ಹಾಕಿಕೊಂಡು ಪ್ರಯಾಣಕ್ಕೆ ಸಿದ್ಧರಾಗಿ.

"ಗಾಳಿ ಹಿಡದದ. ಮ್ಯಾಲಿನ ಬಿರಡಿ ತೆಗೆದು ಒಂದು ತಂಬಿಗಿ ನೀರು ಹಾಕು."

"ನೀವs ಬಂದು ನೋಡ್ರಿ ಭಾವನವರ."

"ನನಗ ಅಧಿಕಾರ ಇಲ್ಲವಾ."

ಹೊಸ್ತಿಲು ದಾಟಲಿಲ್ಲ. ನಾನು ನೀರು ಹಾಕಿ, ಬಿರಡಿ ಬಿಗಿದು, ಸ್ವಿಚ್ಚು ಒತ್ತಿದೆ. ಪಂಪು ಹಿಡಿಯಿತು. ಅದು ನೀರೇರಿಸುವಷ್ಟು ಹೊತ್ತೂ ಅವರು ಕಣ್ಣು ಮುಚ್ಚಿ ಆ ಸದ್ದು ಕೇಳುತ್ತ ಅಲ್ಲೇ ನಿಂತಿದ್ದರು. ಕೊನೆಗೆ ತಾರಸಿಯಿಂದ ಜೋಶಿಬಾಯಿ "ಭರಲೀ!" ಎಂದು ಕೂಗಿದರು. ಟಾಕಿ ತುಂಬಿತ್ತು.

ನಾನು ಸ್ವಿಚ್ಚಿಗೆ ಕೈ ಚಾಚಿದೆ. ಭಾವನವರು ಒಮ್ಮೆ ಕೆಮ್ಮಿದರು.

"ಆಯೋಗದ ಅಪ್ಪಣೆ ಇದ್ದರ... ಇವತ್ತೊಂದು ದಿನ ನಾನು ಆರಿಸಲೇನು?"

"ಬರ್ರಿ" ಎಂದೆ, ಕೇಳಿದ ಕ್ಷಣವೇ, ಕಟ್ಟಡಕ್ಕೆಲ್ಲ ಕೇಳುವಷ್ಟು ಜೋರಾಗಿ.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಸ್ವಿಚ್ಚು ಆರಿಸಿದರು. ನಾನು ಕೋಣೆಗೆ ಬೀಗ ಹಾಕಿದೆ.