ಫೋನಿನೊಳಗಿನ ಹೊಲಕ್ಕೆ ಮುಯ್ಯಿ

ಜಗತ್ತಿನ ವಿಡಿಯೋ ಗೇಮ್ ವ್ಯಾಪಾರವನ್ನು ನಡೆಸುತ್ತಿರುವುದು ಸುಗಟೂರಿನಲ್ಲಿ ರೇಷ್ಮೆಹುಳು ಸಾಕುವ ನನ್ನ ಸೋದರತ್ತೆ! ನಗಬೇಡಿ. ಹೆಡ್‌ಫೋನ್ ಸಿಕ್ಕಿಸಿಕೊಂಡು ಗುಂಡು ಹಾರಿಸುವ ಹುಡುಗರೇ ಆ ವ್ಯಾಪಾರದ ಧಣಿಗಳೆಂದು ನಾನೂ ನಂಬಿದ್ದೆ. ಈಗ ನೋಡಿದರೆ, ಹುಳುಗಳಿಗೆ ಸೊಪ್ಪು ಹಾಕಿ ಐದು ನಿಮಿಷ ಫೋನ್ ಹಿಡಿಯುವ ಇಂಥ ಅತ್ತೆಯರಿಗಾಗಿಯೇ ಕಂಪನಿಗಳು ಐದು ನಿಮಿಷದ ಆಟಗಳನ್ನು ಹೊಸೆಯುತ್ತವಂತೆ.

ಅತ್ತೆಯದು ಬೇಸಾಯದ ಆಟ. ಅದರೊಳಗಿನ ಹಸು ಕಾಲು ಗಂಟೆಗೊಮ್ಮೆ ಹಾಲು ಕೊಡುತ್ತದೆ. ಅತ್ತೆ ಕರೆಯುವುದು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಇಲ್ಲದಿದ್ದರೆ ಕರುವಿಗೆ ಏನು ಉಳಿಯುತ್ತದೆ ಎಂದು ನನ್ನನ್ನೇ ಕೇಳುತ್ತಾರೆ. ಆ ಆಟದಲ್ಲಿ ಕರುವೇ ಇಲ್ಲ! ಇವರ ನಿಧಾನಕ್ಕೆ ಕಂಗಾಲಾದ ಕಂಪನಿ ದಿನಕ್ಕೊಂದು ಕೋಳಿಯನ್ನು ಪುಕ್ಕಟೆ ಕಳಿಸಿ ಓಲೈಸುತ್ತಿದೆ.

ಬೆಳೆಗೆ ನೀರು ಹಾಯಿಸಬೇಕೆಂದರೆ ಪ್ರತಿಸಲ ಒಂದು ಜಾಹೀರಾತು ನೋಡಬೇಕು. ಅತ್ತೆ ಫೋನನ್ನು ಸೊಪ್ಪಿನ ಹೊರೆಯ ಮೇಲೆ ಮಕಾಡೆ ಮಲಗಿಸಿ ಕೆಲಸಕ್ಕೆ ಹೋಗಿಬಿಡುತ್ತಾರೆ. ಅಷ್ಟು ಕಷ್ಟಪಟ್ಟು ತೆಗೆದ ಜಾಹೀರಾತನ್ನೆಲ್ಲ ಪೂರ್ತಿ ನೋಡುವುದು ಹಿಪ್ಪುನೇರಳೆ ಸೊಪ್ಪು!

ಮೊನ್ನೆ ಹೋದಾಗ ಅತ್ತೆ ಕೂತಲ್ಲಿ ಕೂರುತ್ತಿರಲಿಲ್ಲ. ಹುಳದ ಮನೆಗೆ ಹೋಗುತ್ತಾರೆ, ಬರುತ್ತಾರೆ, ಫೋನ್ ನೋಡುತ್ತಾರೆ. ಆಟ ಬಿಟ್ಟವರ ಹೊಲಗಳನ್ನು ಆ ಸಂಜೆಯೇ ಅಳಿಸುತ್ತೇವೆಂದು ಕಂಪನಿ ತಿಳಿಸಿತ್ತು. ಹಾಗೆ ಬೀಳುಬಿದ್ದ ಪಕ್ಕದ ಹೊಲಕ್ಕೆ ಅತ್ತೆ ಎರಡು ವರ್ಷದಿಂದ ಮುಯ್ಯಿ ಹೋಗುತ್ತಿದ್ದರು. ನೆರೆಯವರ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವುದು, ನಮ್ಮ ಕೆಲಸಕ್ಕೆ ಅವರು ಬರುವುದು, ಇದು ನಮ್ಮ ಕಡೆಯ ಮುಯ್ಯಿ. ಅದನ್ನು ಫೋನಿನೊಳಗೂ ನಡೆಸಬೇಕೆ?

"ಅವರು ಒಂದಿನಾದ್ರೂ ನಿಮ್ಮ ಹೊಲಕ್ಕೆ ಬಂದಿದ್ದಾರಾ ಅತ್ತೆ?" ಕೆಣಕಿದೆ.

"ಇಲ್ಲ. ಬರ್ತಾರೆ."

"ಯಾರವರು?"

"ಏಮಿರಾ, ನೀನೇ ಕಣೋ," ಅತ್ತೆ ನಮ್ಮ ಗಡಿಸೀಮೆಯ ತೆಲುಗು ಬೆರೆಸಿ ಗದರಿದರು.

ಎರಡು ವರ್ಷದ ಹಿಂದೆ ಅತ್ತೆಗೆ ಆಟ ಕಲಿಸಿದ ದಿನ ನಾನೂ ಪಕ್ಕದಲ್ಲೊಂದು ಹೊಲ ಮಾಡಿಕೊಂಡು, ದಿನಾ ಆಡೋಣ ಎಂದಿದ್ದೆನಂತೆ. ಎಂದಿರಬಹುದೆ? ಆಮೇಲೆ ಮನೆಗೆ ಬಂದು ಹುಡುಕಿ ನೋಡಿದೆ. ಆ ವರ್ಷದ ನನ್ನ ದಿನಚರಿಯಲ್ಲಿ ಅತ್ತೆಯ ಸುದ್ದಿಯೇ ಇಲ್ಲ. ನಾನಿರುವ ಕೋಲಾರದಿಂದ ಬಸ್ಸು ಹತ್ತಿದರೆ ಸುಗಟೂರು ಎಷ್ಟು ದೂರ?

ಅವತ್ತು ಸಂಜೆಯಾಗುವ ಮೊದಲೇ ಅತ್ತೆಯ ಜಗಲಿಯಲ್ಲಿ ಕೂತು ಆಟವನ್ನು ಮತ್ತೆ ಇಳಿಸಿಕೊಂಡು ತೆರೆದೆ. ನನ್ನ ಹೊಲ ಹಸಿರಾಗಿತ್ತು, ಒಂದು ಕಳೆಯೂ ಇರಲಿಲ್ಲ. ಪಕ್ಕದಲ್ಲಿದ್ದ ಅತ್ತೆ ತಮ್ಮ ಫೋನಿನ ಮೇಲೆ ಬೆರಳು ಸರಿಸಿದರು. ಟೋಪಿ ಹಾಕಿದ ಪುಟ್ಟ ಗೊಂಬೆಯೊಂದು ಬೇಲಿ ದಾಟಿ ಬಂದು ನನ್ನ ಗೊಂಬೆಯ ಎದುರು ನಿಂತು ಕೈಬೀಸಿತು.

ತಿರುಗಿ ಕೈಬೀಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಅತ್ತೆಯನ್ನೇ ಕೇಳಿದೆ.