ಮುಂಬೈ ಗೋಡೆಯ ಮೇಲೆ ನಮ್ಮ ಮಾಮಾ

ಮದುವೆಯಾಗದೆ ಉಳಿದ ಗಂಡಸು ನಮ್ಮ ಕಡೆ ಸಾರ್ವಜನಿಕ ಆಸ್ತಿ. ಬಸ್‌ಸ್ಟ್ಯಾಂಡಿನ ಕಟ್ಟೆಯ ಹಾಗೆ ಯಾರು ಬೇಕಾದರೂ ಬಂದು ಅವನ ಮೇಲೆ ಕೂತು ದಣಿವಾರಿಸಿಕೊಳ್ಳಬಹುದು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮೂರಾದ ಇಂಡಿಯಲ್ಲಿ ನಲ್ಲಿಯ ನೀರು ಅಪರೂಪವಾಗಿತ್ತು, ಕರೆಂಟು ತನ್ನ ಮನಸ್ಸಿಗೆ ಬಂದಾಗ ಬರುತ್ತಿತ್ತು. ಆದರೂ ಊರಿನ ಹಿರಿಯರು ಕೂಡಿ ಚಿಂತೆ ಮಾಡುತ್ತಿದ್ದದ್ದು ನನ್ನ ಮದುವೆಯ ಬಗ್ಗೆ. ಚಿಂತೆ ಇಂಡಿಯ ಗಡಿಯಲ್ಲೂ ನಿಲ್ಲಲಿಲ್ಲ. ಸಿಂದಗಿಯಲ್ಲಿ ಒಬ್ಬ ವಕೀಲರು, ಮುದ್ದೇಬಿಹಾಳದಲ್ಲಿ ಅಕ್ಕನ ಗಂಡನ ಚಿಕ್ಕಪ್ಪ, ಬಾಗೇವಾಡಿಯಲ್ಲಿ ಯಾರೋ ನಿವೃತ್ತ ಮಾಸ್ತರರು, ಹೀಗೆ ನಾಲ್ಕು ತಾಲೂಕುಗಳು ನನ್ನೊಬ್ಬನ ಕಲ್ಯಾಣಕ್ಕಾಗಿ ಒಗ್ಗಟ್ಟಾಗಿ ದುಡಿಯುತ್ತಿದ್ದವು. ಇಷ್ಟು ಒಗ್ಗಟ್ಟನ್ನು ಕಾಲುವೆ ನೀರಿಗಾಗಿ ತೋರಿಸಿದ್ದರೆ ಎಂದೋ ಹಸಿರಾಗುತ್ತಿದ್ದೆವು.

ನನ್ನದು ಫೋಟೊ ಸ್ಟುಡಿಯೊ. ಹೆಣ್ಣು ತೋರಿಸಲಿಕ್ಕೆಂದು ಕನ್ಯೆಯರ ಫೋಟೊ ತೆಗೆಯುವುದೇ ನನ್ನ ಮುಖ್ಯ ಉದ್ಯೋಗ. ಬಣ್ಣ ಕಡಿಮೆಯಾದವರಿಗೆ ಲೈಟು ಹೆಚ್ಚು ಮಾಡಿ, ಎತ್ತರ ಕಡಿಮೆಯಾದವರನ್ನು ಪಕ್ಕದಲ್ಲಿ ಏನೂ ಇಲ್ಲದ ಕಡೆ ನಿಲ್ಲಿಸಿ, ಮೊಡವೆಗಳನ್ನು ನೆಗೆಟಿವಿನ ಮೇಲೆಯೇ ಪೆನ್ಸಿಲಿನಿಂದ ಅಳಿಸಿ ಕೊಡುತ್ತಿದ್ದೆ. ಹೀಗೆ ನಾನೇ ತಿದ್ದಿದ ಫೋಟೊಗಳು ಸುತ್ತು ಹೊಡೆದು ಸಂಬಂಧಗಳಾಗಿ ನಮ್ಮ ಮನೆಗೇ ಬರುತ್ತಿದ್ದವು. ಅಕ್ಕ ಅವನ್ನು ನನ್ನ ಮುಂದೆ ಹರವಿ, ಈ ಹುಡುಗಿ ಹೂವಿನ ಹಿಪ್ಪರಗಿಯವಳು, ಎಷ್ಟು ಲಕ್ಷಣವಾಗಿದ್ದಾಳೆ ನೋಡು ಎನ್ನುತ್ತಿದ್ದಳು. ಆ ಲಕ್ಷಣದಲ್ಲಿ ನನ್ನ ಪೆನ್ಸಿಲಿನ ಪಾಲೆಷ್ಟು ಎಂದು ಹೇಳಿದರೆ ವ್ಯಾಪಾರಕ್ಕೆ ಕುತ್ತು, ಸುಮ್ಮನೆ ಬೇಡವೆನ್ನುತ್ತಿದ್ದೆ.

ಬೇಡವೆನ್ನಲು ಕಾರಣ ಸರಳ. ನನಗೆ ಹೆಂಗಸರ ಮೇಲೆ ಮನಸ್ಸಿಲ್ಲ, ಗಂಡಸರ ಮೇಲಿದೆ. ಈ ಒಂದು ವಾಕ್ಯವನ್ನು ಈಗ ಇಷ್ಟು ಸಲೀಸಾಗಿ ಬರೆದೆನಲ್ಲ, ಆಗ ಇದನ್ನು ಸ್ನಾನದ ಮನೆಯಲ್ಲಿ ಒಬ್ಬನೇ ಇದ್ದಾಗಲೂ ಬಾಯಿಬಿಟ್ಟು ಆಡುವ ಧೈರ್ಯವಿರಲಿಲ್ಲ. ವಿಚಿತ್ರವೆಂದರೆ ನಮ್ಮೂರಿನಷ್ಟು ಗಂಡಸರು ಗಂಡಸರಿಗೆ ಅಂಟಿಕೊಂಡಿರುವ ಊರು ಇನ್ನೊಂದಿಲ್ಲ. ಬಜಾರಿನಲ್ಲಿ ಮೀಸೆ ಹೊತ್ತ ಗಂಡಸರು ಕಿರುಬೆರಳಿಗೆ ಕಿರುಬೆರಳು ಹೆಣೆದುಕೊಂಡು ನಡೆಯುತ್ತಾರೆ. ಹೊಟೇಲಿನಲ್ಲಿ ಒಬ್ಬನ ತೊಡೆಯ ಮೇಲೆ ಇನ್ನೊಬ್ಬ ಕೈಯೂರಿ ರಾಜಕೀಯ ಮಾತಾಡುತ್ತಾನೆ. ಸುಗ್ಗಿ ಮುಗಿದರೆ ಜೋಡಿ ಜೋಡಿಯಾಗಿ ನನ್ನ ಸ್ಟುಡಿಯೊಕ್ಕೆ ಬಂದು, ತಾಜಮಹಲಿನ ಪರದೆಯ ಮುಂದೆ ಭುಜಕ್ಕೆ ತಲೆಯಾನಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ದೋಸ್ತಿ. ಅದನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಊರೆಲ್ಲ ಹಾಗಿರುವಾಗ ಗಂಡಸರಿಂದ ಮೊಳ ದೂರ ನಿಲ್ಲುತ್ತಿದ್ದವನು ನಾನೊಬ್ಬನೇ. ಅದಕ್ಕೇ ನನ್ನನ್ನು ಸಭ್ಯಸ್ಥ ಎನ್ನುತ್ತಿದ್ದರು.

ಕಲರ್ ರೋಲು ತೊಳೆಸಲು, ಆಲ್ಬಮ್ ತರಲು ಆಗಾಗ ಮುಂಬೈಗೆ ಹೋಗುತ್ತಿದ್ದೆ. ಸೊಲ್ಲಾಪುರದಲ್ಲೇ ಆಗುವ ಕೆಲಸಕ್ಕೆ ಮುಂಬೈತನಕ ಹೋಗುವುದೇಕೆ ಎಂದು ಮೊದಮೊದಲು ಯಾರೂ ಕೇಳಲಿಲ್ಲ. ಮುಂಬೈಯ ಲ್ಯಾಬಿನಲ್ಲಿ ಸುಧೀರ ಎಂಬ ಮರಾಠಿ ಮನುಷ್ಯನಿದ್ದ. ನನ್ನ ವಯಸ್ಸಿನವನು, ಕಡಿಮೆ ಮಾತಿನವನು. ನಾವಿಬ್ಬರೂ ಒಬ್ಬರಿಗೊಬ್ಬರು ತಿಳಿದದ್ದು ಹೇಗೆಂದು ಬರೆದರೆ ಇದು ಬೇರೆಯೇ ಪ್ರಬಂಧವಾದೀತು. ಅವನೇ ನನ್ನನ್ನು ನಮ್ಮಂಥವರ ಭಾನುವಾರದ ಕೂಟಕ್ಕೆ ಕರೆದುಕೊಂಡು ಹೋದ. ಯಾರದೋ ಮನೆಯಲ್ಲಿ ಪರದೆ ಎಳೆದು, ಕವಿತೆ ಓದುವುದು, ಸಣ್ಣ ನಾಟಕ ಆಡುವುದು, ಕೊನೆಗೆ ಎಲ್ಲರೂ ತಂದ ಊಟ ಹಂಚಿಕೊಳ್ಳುವುದು. ಆ ಕೋಣೆಯಲ್ಲಿ ಮೊದಲ ಸಲ ಕುಳಿತಾಗ ನನ್ನ ಎದೆಯ ಮೇಲಿಂದ ಯಾರೋ ಎದ್ದು ಹೋದಂತಾಯಿತು. ಆ ಸುಖ ಚಹಾ ಬರುವತನಕ ಇತ್ತು. ಆಮೇಲೆ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡತೊಡಗಿದರು. ನಾನು ಇಂಡಿಯವನು ಎಂದು ಪರಿಚಯ ಹೇಳಿಕೊಂಡೆ. ಕೊನೆಯ ಅಕ್ಷರ ನುಂಗಿದೆನೆಂದು ತಿಳಿದ ಒಬ್ಬರು, ನಾವೂ ಇಂಡಿಯಾದವರೇ ಎಂದು ಹೆಮ್ಮೆಯಿಂದ ಕೈ ಕುಲುಕಿದರು. ಕವಿತೆಗಳೂ ಹಾಗೆಯೇ. ಅರ್ಥವಾಗದಿದ್ದಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಬಹಳ ಆಳವಾಗಿ ಕೇಳುವವನು ಎಂಬ ಹೆಸರು ಬಂತು.

ಇತ್ತ ಇಂಡಿಯಲ್ಲಿ ಜನ ಲೆಕ್ಕ ಹಾಕಿ, ಸಿದ್ರಾಮ ಮುಂಬೈಯಲ್ಲಿ ಒಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂಬ ತೀರ್ಮಾನಕ್ಕೆ ಬಂದರು. ಸಿದ್ರಾಮ ಎಂದರೆ ನಾನೇ. ಇದರಿಂದ ನನ್ನ ಮರ್ಯಾದೆ ಕಡಿಮೆಯಾದೀತೆಂದು ಹೆದರಿದ್ದೆ. ಹೆಚ್ಚಾಯಿತು. ಅದುವರೆಗೆ ಅಡ್ಡಹೆಸರಿನಿಂದ ಕರೆಯುತ್ತಿದ್ದವರು ರಾಮ್‌ರಾಮ್ ಹೇಳತೊಡಗಿದರು. ನೀತಿವಂತ ಊರುಗಳಿಗೆ ಅವುಗಳದೇ ಆದ ತಕ್ಕಡಿ ಇರುತ್ತದೆ.

ಅಕ್ಕನಿಗೆ ಮಾತ್ರ ಇದನ್ನು ಸಹಿಸಲಾಗಲಿಲ್ಲ. ಅಪ್ಪ ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ನಾನು ಇರುವುದೂ ಅವಳ ಮನೆಯ ಮಾಳಿಗೆಯ ಖೋಲಿಯಲ್ಲಿ. ಅವಳ ಗಂಡ ಅಪ್ಪಾಸಾಬ, ನಾನು ಮಾಮಾ ಎನ್ನುವವನು, ನಿಂಬೆಹಣ್ಣಿನ ವ್ಯಾಪಾರಿ. ಗೆಳೆಯ ದಸ್ತಗೀರನ ಜೊತೆ ಪಾಲುದಾರಿಕೆಯಲ್ಲಿ ಸುತ್ತಲಿನ ತೋಟಗಳ ನಿಂಬೆ ಕೊಂಡು ಮುಂಬೈ ಮಾರ್ಕೆಟ್ಟಿಗೆ ಲಾರಿ ಕಳಿಸುತ್ತಿದ್ದ. ಮಾಮಾ ಮಾತಾಡುವುದನ್ನು ನಿಲ್ಲಿಸಿದರೆ ಮನೆಯವರು ಡಾಕ್ಟರರನ್ನು ಕರೆಯುತ್ತಾರೆ, ಅಂಥವನು. ಒಂದು ಸಲ ಅಕ್ಕ ಅವನಿಗೆ, ಈ ಲಾರಿಯ ಜೊತೆ ನೀವೂ ಹೋಗಿ ಅವಳು ಯಾರು, ಎಂಥವಳು ನೋಡಿಕೊಂಡು ಬನ್ನಿ ಎಂದು ಅಪ್ಪಣೆ ಮಾಡಿದಳು. ಇದು ನನಗೆ ಗೊತ್ತಿರಲಿಲ್ಲ.

ಅವಳು ಆರಿಸಿದ ವೇಳೆಯಂತೂ ಅದ್ಭುತ. ಅದೇ ಸಲ ನಮ್ಮ ಕೂಟದವರು ಒಂದು ಹಾಲ್ ಬಾಡಿಗೆಗೆ ಹಿಡಿದು ಫೋಟೊ ಪ್ರದರ್ಶನ ಇಟ್ಟಿದ್ದರು. ಪೊಲೀಸರ ಭಯಕ್ಕೆ ಹೊರಗಿನ ಬೋರ್ಡಿನಲ್ಲಿ ಬರೀ ‘ಸ್ನೇಹ’ ಎಂದು ಬರೆಸಿದ್ದರು. ಅದರಲ್ಲಿ ನನ್ನ ಫೋಟೊಗಳೂ ಇದ್ದವು. ನಮ್ಮೂರ ದೋಸ್ತಿ ಜೋಡಿಗಳ ಹಳೆಯ ಪ್ರಿಂಟುಗಳನ್ನು ಸುಧೀರನಿಗೆ ತೋರಿಸಿದ್ದೆ. ಅವನು ಕೂಟದವರಿಗೆ ತೋರಿಸಿದ್ದ. ಅವರು ಕುಣಿದಾಡಿದ್ದರು. ಹತ್ತು ವರ್ಷ ನನ್ನ ಸ್ಟುಡಿಯೊದ ಗಾಜಿನ ಹಿಂದೆ ನೊಣ ಕೂಡುತ್ತಿದ್ದ ಫೋಟೊಗಳು ಮುಂಬೈ ತಲುಪಿದೊಡನೆ ಕ್ರಾಂತಿಯಾದವು. ಅದರಲ್ಲಿ ಆಳೆತ್ತರ ಮಾಡಿ ನಡುಗೋಡೆಗೆ ಹಾಕಿದ್ದು ಒಂದು ಚಿತ್ರ. ನಿಂಬೆಗೆ ಭಾರಿ ದರ ಬಂದ ವರ್ಷ ಖುಷಿಯಲ್ಲಿ ತೆಗೆಸಿಕೊಂಡದ್ದು. ಮಾಮಾನ ಕೈ ದಸ್ತಗೀರನ ಕೈಯಲ್ಲಿ, ದಸ್ತಗೀರನ ತಲೆ ಮಾಮಾನ ಭುಜದ ಮೇಲೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಹೆಸರಿಲ್ಲದ ಬಯಕೆ’ ಎಂಬರ್ಥದ ಶೀರ್ಷಿಕೆ. ಒಬ್ಬರು ಅದರ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಕಲಾವಿದನ ಗಾಂಭೀರ್ಯದಿಂದ ಕಂಬಕ್ಕೆ ಆತು ನಿಂತಿದ್ದೆ. ಆಗ ಬಾಗಿಲಲ್ಲಿ ಬಿಳಿ ಟೊಪ್ಪಿಗೆ ಕಂಡಿತು. ಟೊಪ್ಪಿಗೆಯ ಕೆಳಗೆ ಮಾಮಾ, ಕೈಯಲ್ಲೊಂದು ಚೀಲ. ಲ್ಯಾಬಿನಲ್ಲಿ ವಿಚಾರಿಸಿ ಬಂದಿದ್ದ.

ಹಿಂದಿನ ಬಾಗಿಲು ಹುಡುಕಿದೆ, ಇರಲಿಲ್ಲ. ಮಾಮಾ ನನ್ನನ್ನು ನೋಡಲೇ ಇಲ್ಲ, ಗೋಡೆಯ ಮೇಲಿನ ತನ್ನನ್ನು ನೋಡಿದ. ನೋಡಿದವನು ಹಾಲಿನ ನಟ್ಟನಡುವೆ ನಿಂತು, ಟೊಪ್ಪಿಗೆ ತೆಗೆದು ತಲೆ ಸವರಿಕೊಂಡ. ಆಗ ನೆರೆತ ಗಡ್ಡದ ವಿಮರ್ಶಕರೊಬ್ಬರು ಅವನನ್ನೂ ಚಿತ್ರವನ್ನೂ ನೋಡಿ ಗುರುತು ಹಿಡಿದು, ಎಲ್ಲರನ್ನೂ ಕರೆದುಬಿಟ್ಟರು. ಸುತ್ತ ಜನ ಸೇರಿತು. ವಿಮರ್ಶಕರು ಹಿಂದಿಯಲ್ಲಿ, ಆ ಗಳಿಗೆಯಲ್ಲಿ ತಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರು. ದರ ಇಳಿಯುವುದರೊಳಗೆ ಇನ್ನೊಂದು ಲಾರಿ ಕಳಿಸಬೇಕು ಅಂತಿತ್ತು ಎಂದ ಮಾಮಾ. ಸಮಾಜದ ಭಯವಾಗಲಿಲ್ಲವೆ ಎಂದರು. ಭಯವಾಗಿತ್ತು, ಲೈಟು ಫಳ್ಳನೆ ಹೊಡೆದಾಗ ಕಣ್ಣು ಮುಚ್ಚಿಹೋದೀತೆಂದು ಎಂದ ಮಾಮಾ. ಅವರು ಅದನ್ನು ಇಂಗ್ಲಿಷಿಗೆ ಅನುವಾದಿಸಿದರು. ಏನೆಂದು ಅನುವಾದಿಸಿದರೋ, ಇಬ್ಬರು ಚಪ್ಪಾಳೆ ತಟ್ಟಿದರು.

ಮಾಮಾ ಶೀರ್ಷಿಕೆಯಲ್ಲೇನು ಬರೆದಿದೆ ಎಂದು ಕೇಳಿದ. ಪಕ್ಕದಲ್ಲಿದ್ದ ಸುಧೀರ ಹೆದರುತ್ತಲೇ ಹಿಂದಿಯಲ್ಲಿ ಅರ್ಥ ಹೇಳಿದ. ಮಾಮಾನಿಗೆ ‘ಹೆಸರಿಲ್ಲದ’ ಎಂಬುದಷ್ಟೇ ತಲೆಗೆ ಹೋಯಿತು. ಕಂಬದ ಹಿಂದೆ ಸರಿಯುತ್ತಿದ್ದ ನನ್ನನ್ನು ಈಗ ಹಿಡಿದ.

“ಹೆಸರಿಲ್ಲ ಅಂದ್ರ ಏನೋ ಸಿದ್ದ್ಯಾ? ನಾವೇನು ಹೆಸರಿಲ್ದ ಮಂದಿ ಏನು? ಅಪ್ಪಾಸಾಬ, ದಸ್ತಗೀರ, ಇಂಡಿ ಅಂತ ಬರೀಬೇಕಿಲ್ಲ?”

ಸುಧೀರನ ಕಿಸೆಯ ಪೆನ್ನು ಕಿತ್ತುಕೊಂಡು ಶೀರ್ಷಿಕೆಯ ಕೆಳಗೆ ತಾನೇ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದ. ಪ್ರದರ್ಶನದ ಕೊನೆಯ ದಿನದವರೆಗೂ ಅದು ಹಾಗೆಯೇ ಇತ್ತು. ಆ ಲಿಪಿ ಬಹಳ ಶಕ್ತಿಯುತವಾಗಿದೆ ಎಂದು ಒಬ್ಬರು ಬರೆದುಕೊಂಡರಂತೆ.

ಆಮೇಲೆ ಮಾಮಾ ಎಲ್ಲ ಫೋಟೊಗಳನ್ನೂ ನಿಧಾನವಾಗಿ ನೋಡಿದ. ಬೇರೆಯವರ ಚಿತ್ರಗಳಲ್ಲಿ ದೋಸ್ತಿಯೆಂದು ದಾಟಿಸಲಾಗದಂಥವೂ ಇದ್ದವು. ಸುತ್ತಲಿನ ಜನರನ್ನು ನೋಡಿದ. ಸುಧೀರ ನನಗೆ ಚಹಾ ತಂದುಕೊಟ್ಟದ್ದನ್ನು, ನಾನು ಒಂದು ಗುಟುಕು ಕುಡಿದು ಉಳಿದದ್ದನ್ನು ಅವನ ಕೈಗೆ ಕೊಟ್ಟದ್ದನ್ನು ನೋಡಿದ. ಮಾಮಾನ ಮಾತು ನಿಂತಿತು. ಹೊರಗೆ ನಡಿ ಎಂದು ಸನ್ನೆ ಮಾಡಿದ. ಮೆಟ್ಟಿಲ ಮೇಲೆ ಕುಳಿತೆವು.

“ನಿಮ್ಮಕ್ಕ ಹೆಣ್ಣು ನೋಡ್ಕೊಂಡು ಬರ್ರಿ ಅಂತ ಕಳಿಸ್ಯಾಳ,” ಎಂದ. “ಎಲ್ಲಿ ಅದಾಳ?”

“ಹೆಣ್ಣು ಇಲ್ರಿ ಮಾಮಾ.”

ಮಾಮಾ ಹಾಲಿನ ಬಾಗಿಲ ಕಡೆ ತಿರುಗಿದ. “ಚಾ ತಂದ್ನಲ್ಲ, ಆಂವನೇನು?”

ಸುಳ್ಳುಗಳು ನನ್ನ ಬಳಿ ಬೇಕಾದಷ್ಟಿದ್ದವು. ಹದಿನೈದು ವರ್ಷದ ಅಭ್ಯಾಸ. ಆದರೆ ಪಕ್ಕದಲ್ಲಿ ಕುಳಿತವನು ನನಗೆ ಸೈಕಲ್ ಹೊಡೆಯಲು ಕಲಿಸಿದವನು, ಅಪ್ಪನ ಮಣ್ಣಿಗೆ ಹೆಗಲು ಕೊಟ್ಟವನು. ಇನ್ನು ಮನೆಯ ಹೊಸ್ತಿಲು ತುಳಿಯುವಂತಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಹೌದ್ರಿ ಎಂದೆ.

ಮಾಮಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಅದರ ಮಡಿಕೆ ತೀಡುತ್ತ ಕುಳಿತ. ಆಮೇಲೆ ಕೇಳಿದ: “ನೌಕರಿ ಪರ್ಮನಂಟ್ ಐತೇನು?”

“ಐತ್ರಿ.”

“ಕುಡೀತಾನೇನು?”

“ಇಲ್ರಿ.”

“ನೀ ಕುಡೀತೀಯಲ್ಲ. ಅದನ್ನ ಅವಗ ಹೇಳೀಯೋ ಇಲ್ಲೋ?”

ಮಾಮಾ ಎದ್ದು ಧೋತರ ಝಾಡಿಸಿಕೊಂಡ. “ನನಗಿದು ತಿಳ್ಯಾಂಗಿಲ್ಲಪಾ. ತಿಳೀತೈತಿ ಅಂತ ಸುಳ್ಳ ಹೇಳಂಗಿಲ್ಲ. ಆದ್ರ ಆಂವ ಚಾ ಕೊಟ್ಟಾಗ ನಿನ್ನ ಮಾರಿ ನೋಡಿದ್ನಿ. ಇಂಡ್ಯಾಗ ಒಂದು ದಿನಾನೂ ಹಂಗ ಇದ್ದಿದ್ದಿಲ್ಲ,” ಎಂದ. ಒಳಗೆ ಹೋಗಿ ಸುಧೀರನಿಗೆ ಆ ಚೀಲದ ನಿಂಬೆಹಣ್ಣು ಕೊಟ್ಟು ಮಾರ್ಕೆಟ್ಟಿಗೆ ಹೊರಟುಹೋದ. ಆ ನಿಂಬೆ ಬಹುಶಃ ಮುಂಬೈಯ ಹೆಣ್ಣಿಗೆಂದು ತಂದದ್ದು.

ಊರಿಗೆ ಬಂದ ಮೇಲೆ ಅಡುಗೆಮನೆಯಲ್ಲಿ ಗಂಡಹೆಂಡಿರ ಮಾತು ಬಹಳ ಹೊತ್ತು ನಡೆಯಿತು. ಮಾಳಿಗೆಯಿಂದ ಏನೂ ಕೇಳಿಸಲಿಲ್ಲ. ಅಕ್ಕ ಅನೇಕ ದಿನ ನನ್ನೊಡನೆ ಮಾತಾಡಲಿಲ್ಲ. ತಾಟಿಗೆ ರೊಟ್ಟಿ ಬೀಳುವ ಸದ್ದೇ ಮಾತು. ಅವಳ ಕಣ್ಣುಗಳು ಕೆಂಪಾಗಿರುತ್ತಿದ್ದವು. ಏನು ಹೇಳಿ ಕಳಿಸಿದಳೋ, ಹುಡುಗಿಯರ ಫೋಟೊಗಳು ಬರುವುದು ನಿಂತಿತು. ಯಾವುದರಿಂದ ಪಾರಾಗಲು ಇಷ್ಟು ವರ್ಷ ಒದ್ದಾಡಿದ್ದೆನೋ ಅದು ತಾನಾಗಿಯೇ ನಿಂತಾಗ ಸಂತೋಷವಾಗಬೇಕಿತ್ತು. ನನಗೆ ಅವಮಾನವಾಯಿತು. ನಾಲ್ಕು ತಾಲೂಕಿನ ಕನ್ಯಾಪಿತೃಗಳು ಒಮ್ಮೆಲೇ ನನ್ನನ್ನು ಕೈಬಿಡುವುದೆಂದರೇನು? ನನಗೇನು ಕಡಿಮೆಯಾಗಿದೆ? ಕನ್ನಡಿಯ ಮುಂದೆ ನಿಂತು ತಲೆಗೂದಲಿಗೆ ಬಣ್ಣ ಹಚ್ಚಿಕೊಂಡೆ.

ಒಂದು ದಿನ ಊಟಕ್ಕೆ ಕುಳಿತಾಗ ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೇಳಿದಳು: “ಅವಗ ರೊಟ್ಟಿ ಬಡ್ಯಾಕ ಬರ್ತಾವೇನು?”

ಇಲ್ಲ, ಚಪಾತಿ ಬರುತ್ತವೆ ಎಂದೆ.

“ನಾ ಹ್ವಾದ ಮ್ಯಾಲ ನಿನಗ ಉಣ್ಣಾಕ ಹಾಕಾವ್ರು ಯಾರು ಅನ್ನೂದ ಚಿಂತಿ ಇತ್ತು ನನಗ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. “ಖಾರಾ ತಿಂತಾನೇನು?”

ಮುಂದಿನ ನಿಂಬೆ ಲಾರಿಯಲ್ಲಿ ತಿಂಗಳಿಟ್ಟರೂ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ ಮುಂಬೈಗೆ ಹೋದವು. ಮುಟ್ಟಿತು ಎಂದು ಹೇಳಲು ಸುಧೀರ ಫೋನು ಮಾಡಿದ. ಎತ್ತಿದವಳು ಅಕ್ಕ. ಅವಳು ಅಜ್ಜಿಯ ಊರು ಸೊಲ್ಲಾಪುರದಲ್ಲಿ ಮರಾಠಿ ಶಾಲೆಯಲ್ಲಿ ಕಲಿತವಳು. ನಾಲ್ಕು ತಾಲೂಕಿನಲ್ಲಿ ಮರಾಠಿ ಆಡಲು ಸರಿಯಾದ ಜನ ಸಿಗದೆ ಬೇಸತ್ತವಳು. ಅಂದು ಶುರುವಾದದ್ದು ಈಗಲೂ ನಡೆದಿದೆ. ನಾನು ಬಿಪಿ ಗುಳಿಗೆ ನುಂಗುವುದಿಲ್ಲ ಎಂದು ಇವಳು ಅವನಿಗೆ ಹೇಳುತ್ತಾಳೆ. ಮುಂಬೈಗೆ ಹೋದಾಗ ನಾನು ಗೊರಕೆ ಹೊಡೆಯುತ್ತೇನೆ, ಒದ್ದೆ ಟವೆಲು ಹಾಸಿಗೆಯ ಮೇಲೆ ಬಿಸಾಡುತ್ತೇನೆ ಎಂದು ಅವನು ಇವಳಿಗೆ ಹೇಳುತ್ತಾನೆ. ಇಲ್ಲಿ ಕದ್ದು ಸೇದಿದ ಬೀಡಿಗೆ ಅಲ್ಲಿಂದ ಬೈಗುಳ ಬರುತ್ತದೆ. ಫೋನಿಗೆಂದು ನಾನು ಕೈ ಚಾಚಿದರೆ ಅಕ್ಕ ರಿಸೀವರಿಗೆ ಅಂಗೈ ಮುಚ್ಚಿ, “ನಿನಗಲ್ಲ,” ಎನ್ನುತ್ತಾಳೆ.

ನನ್ನ ವಾರಿಗೆಯ ಗಂಡಸರು ಆಗಾಗ ಸ್ಟುಡಿಯೊಕ್ಕೆ ಬಂದು ಸ್ಟೂಲಿನ ಮೇಲೆ ಕುಸಿಯುತ್ತಾರೆ. ಮನೆಯಲ್ಲಿ ಅವ್ವ ಮತ್ತು ಹೆಂಡತಿ ಒಂದಾಗಿ ತಮ್ಮ ಬಾಳು ಹೇಗೆ ಹಾಳು ಮಾಡುತ್ತಿದ್ದಾರೆಂದು ಹೇಳಿಕೊಳ್ಳುತ್ತಾರೆ. ಕೊನೆಗೆ ನಿಟ್ಟುಸಿರು ಬಿಟ್ಟು, ನೀನೇ ಸುಖಿ ಸಿದ್ರಾಮ, ಮದುವೆಯ ಉಸಾಬರಿಗೆ ಹೋಗಲಿಲ್ಲ, ಕೇಳುವವರಿಲ್ಲ ಹೇಳುವವರಿಲ್ಲ ಎನ್ನುತ್ತಾರೆ. ನಾನು ಪೆನ್ಸಿಲು ಕೆಳಗಿಡದೆ ಹೌದು ಹೌದು ಎಂದು ತಲೆಯಾಡಿಸುತ್ತೇನೆ. ಇಲ್ಲ, ನನಗೂ ಕೇಳುವವರು ಇಬ್ಬರಿದ್ದಾರೆ ಎಂದು ಬಾಯಿಬಿಟ್ಟರೆ ಮಾತು ಅಕ್ಕನಿಗೆ ಮುಟ್ಟುತ್ತದೆ, ಸಾಯಂಕಾಲದೊಳಗೆ ಮುಂಬೈಯಿಂದ ಜವಾಬು ಕೇಳಿ ಫೋನು ಬರುತ್ತದೆ. ಅದು ಮಾತ್ರ ನನಗೇ.