ಹೆಸರು ಕೊರೆಸಿದ ತಾಟು

ನನ್ನ ಹೆಂಡತಿ ಸುಮಿತ್ರಾಳ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಭಯವೇನಿದ್ದರೂ ಅವಳು ಕಂಡವರಿಗೆಲ್ಲ ಕೊಟ್ಟು ಬರುವ ಮಾತಿನದು. ಪುಣೆಯ ನಿಗಡಿಯಲ್ಲಿ, ನಮ್ಮ ಮನೆಯ ಹತ್ತಿರದ ಶಾಲೆಯಲ್ಲಿ ಅವಳು ಟೀಚರು. ಅಲ್ಲಿಯ ವಾರ್ಷಿಕೋತ್ಸವವೆಂದರೆ ಮಕ್ಕಳ ಕುಣಿತ, ಆಮೇಲೆ ಊಟ, ಆಮೇಲೆ ಮೈದಾನದ ತುಂಬ ಉಂಡು ಬಿಸಾಡಿದ ಕಾಗದದ ತಟ್ಟೆ. ಮರುದಿನ ಗಂಟೆ ಬಾರಿಸುತ್ತ ಬರುವ ಕಸದ ಗಾಡಿ ಅದನ್ನೆಲ್ಲ ಹೊತ್ತು ಊರಾಚೆಯ ಗುಡ್ಡಕ್ಕೆ ಸುರಿಯಬೇಕು. ಈ ಸಲ ಹೆಡ್ ಮಿಸ್ಸು ಬೇಸತ್ತು ಊಟವನ್ನೇ ರದ್ದು ಮಾಡುತ್ತೇನೆಂದರು. ಮಕ್ಕಳ ಮುಖ ಬಾಡಿತಂತೆ. ನಮ್ಮವಳು ಎದ್ದು ನಿಂತು, ಊಟವಿರಲಿ, ಗಾಡಿ ಖಾಲಿ ಹೋಗುವಂತೆ ತಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟಳು. ಒಂದು ಚೀಲ ಕಸ ಬಿದ್ದರೂ ಮುಂದೆಂದೂ ಊಟವಿಲ್ಲ ಎಂಬ ಷರತ್ತಿಗೂ ಹೂಂ ಅಂದು ಬಂದಳು.

"ಅಷ್ಟು ತಾಟು ಎಲ್ಲಿಂದ ತರ್ತಿ?" ಎಂದೆ.

"ಮನಿ ಮನಿಯಿಂದ. ಎಲ್ಲಾರ ಮನ್ಯಾಗೂ ಸ್ಟೀಲಿನ ತಾಟು ಅದಾವಲ್ರಿ, ಹೆಸರು ಕೊರೆಸಿದ್ದು. ಅದಲು ಬದಲಾಗೂ ಭಯಾನೂ ಇಲ್ಲ."

ಅದೇನೋ ನಿಜ. ನಮ್ಮ ಕಡೆಯವರಿಗೆ ಪಾತ್ರೆ ಕೊಂಡರೆ ಸಾಲದು, ಅಂಗಡಿಯಲ್ಲೇ ನಿಂತು ಹೆಸರು ಕೊರೆಸಬೇಕು. ಬಾಗಲಕೋಟೆಯ ನನ್ನ ಸೋದರಮಾವ ಚಮಚಕ್ಕೂ ಕೊರೆಸಿದ್ದ. ಜಾಗ ಸಾಲದೆ ಅಡ್ಡಹೆಸರು ಇನ್ನೊಂದು ಚಮಚಕ್ಕೆ ಹೋಗಿತ್ತು. ಪುಣೆಯವರೂ ಇದರಲ್ಲಿ ಕಡಿಮೆಯಿಲ್ಲ. ಆದರೆ ಹೆಸರು ಕೊರೆಸುವುದೇ ಪಾತ್ರೆ ಮನೆ ಬಿಟ್ಟು ಹೋಗಬಾರದೆಂದು. ಅದನ್ನು ಊರೂಟಕ್ಕೆ ಯಾರು ಕೊಟ್ಟಾರು? ಹೆಂಡತಿಯ ಮರ್ಯಾದೆ ಉಳಿಸಬೇಕೆಂದು ನಾನು ಗುಟ್ಟಾಗಿ ಒಂದು ಕಟ್ಟು ಕಾಗದದ ತಟ್ಟೆ ಕೊಂಡು ಸ್ಕೂಟರಿನ ಡಿಕ್ಕಿಯಲ್ಲಿ ಬಚ್ಚಿಟ್ಟೆ.

ಆ ದಿನ ಹೋಗಿ ನೋಡಿದರೆ, ಅಬ್ಬಬ್ಬಾ! ಒಂದೊಂದು ಮಗುವೂ ಮನೆಯ ತಟ್ಟೆಯನ್ನು ಎದೆಗವಚಿಕೊಂಡು ಬಂದಿತ್ತು. ನನ್ನ ಹೆಸರು ಕೊರೆಸಿದ ತಾಟನ್ನೂ ಸುಮಿತ್ರಾ ಬೆಳಿಗ್ಗೆಯೇ ಶಾಲೆಗೆ ಒಯ್ದಿದ್ದಳು. ಎದುರು ಮನೆಯ ಹಿರಿಯ ಹೆಂಗಸು ಜೋಶಿ ಕಾಕೂ ತಮ್ಮ ಮದುವೆಯ ತಟ್ಟೆಗಳನ್ನೇ ರಿಕ್ಷಾದಲ್ಲಿ ಹೇರಿಕೊಂಡು ಬಂದು, "ಕಪಾಟಿನಲ್ಲಿಟ್ಟು ಪೂಜೆ ಮಾಡಲೇನೇ ಸುಮಿತ್ರಾ?" ಎಂದು ಮರಾಠಿಯಲ್ಲಿ ಗದರಿದರು. ಉಂಡವರೆಲ್ಲ ಸಾಲಾಗಿ ನಿಂತು ತಮ್ಮ ತಟ್ಟೆ ತಾವೇ ತೊಳೆದರು. ಎಂಜಲು ಶಾಲೆಯ ಗೊಬ್ಬರದ ಗುಂಡಿಗೆ ಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರನ್ನೂ ನಡೆಸುತ್ತಿದ್ದ ಸುಮಿತ್ರಾಳನ್ನು ನೋಡಿ ನನಗೆ ಹೆಮ್ಮೆ ಉಕ್ಕಿ ಬಂತು. ಅವಳ ಗಂಡ ನಾನೇ ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡು ಓಡಾಡಿದೆ.

ಮರುದಿನ ಗಾಡಿ ಬಂತು, ಗಂಟೆ ಬಾರಿಸಿತು, ಖಾಲಿ ಹೋಯಿತು. ಮುಂದಿನ ವರ್ಷದ ಊಟವೂ ಗಟ್ಟಿಯಾಯಿತು. ಅದೇ ಖುಷಿಯಲ್ಲಿ ಸುಮಿತ್ರಾ ತರಕಾರಿ ಚೀಲ ಇಡಲು ಡಿಕ್ಕಿ ತೆರೆದಳು.

"ಇವು ಯಾಕ್ರೀ?"

"ಹಂಗ... ಕಡಿಮಿ ಬಿದ್ರ ಇರ್ಲಿ ಅಂತ."

"ಅಂದ್ರ ನನ್ನ ಮ್ಯಾಲ ಭಾಳ ನಂಬಿಕಿ ಇತ್ತು ಅನ್ರಿ."

ಕಟ್ಟನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ, ಕಸಕ್ಕೆ ಹಾಕಲು ಅವಳು ಬಿಡಲಿಲ್ಲ. "ನಿಮ್ಮ ಹೆಸರಿನ ತಾಟು ಸಾಲ್ಯಾಗ ಇರ್ಲಿ, ಮಕ್ಕಳಿಗೆ ಬೇಕಾಗ್ತದ. ನಿಮಗ ಇವು ಅದಾವಲ್ಲ," ಎಂದಳು.

ಕಾಗದದ ತಟ್ಟೆಯಲ್ಲಿ ಸಾರು ನಿಲ್ಲುವುದಿಲ್ಲ. ಹೀಗಾಗಿ ನಾನು ಸಾರು ಬಿಟ್ಟಿದ್ದೇನೆ. ಯಾಕೆಂದು ಕೇಳಿದವರಿಗೆ, ಡಾಕ್ಟರು ಬೇಡ ಅಂದಿದ್ದಾರೆ ಎನ್ನುತ್ತೇನೆ.